ಎಬ್ಬಿಸಲು ಬಂದ ರಾಜಕುಮಾರ

ಅಮ್ಮ ತೀರಿಕೊಂಡು ವರ್ಷ ಕಳೆದಿದ್ದರೂ ಅಕ್ಕನ ಕಿವಿ ಮಾತ್ರ ಇನ್ನೂ ಮಲಗಿರಲಿಲ್ಲ. ಹಾಸಿಗೆ ಹಿಡಿದ ಅಮ್ಮ ಯಾವ ಹೊತ್ತಿನಲ್ಲಿ ಕರೆಯುತ್ತಾಳೋ ಎಂದು ಕಾದು ಕಾದು ಅವಳಿಗೆ ನಿದ್ದೆಯೇ ಮರೆತುಹೋಗಿತ್ತು. ಎಲೆ ಅಲುಗಿದರೂ ಎದ್ದು ಕೂರುತ್ತಿದ್ದಳು. ಮಾತ್ರೆ, ಬಿಸಿ ಹಾಲು, ಭಾವನ ಅಪಸ್ವರದ ಜೋಗುಳ, ಯಾವುದೂ ನಾಟಲಿಲ್ಲ. ದಿನದಿಂದ ದಿನಕ್ಕೆ ಕಡ್ಡಿಯಾಗುತ್ತಿದ್ದ ಅವಳನ್ನು ನೋಡಿ ನನಗೆ ಭಯವಾಗುತ್ತಿತ್ತು.

ಅಂಥವಳನ್ನೇ ನಿದ್ದೆಹೋದ ರಾಜಕುಮಾರಿಯಾಗಿ ಮಲಗಿಸಿದ್ದು ನನ್ನ ಮೊಂಡುತನ. ಮಕ್ಕಳ ಗ್ರಂಥಾಲಯದ ಗೋಡೆಗೆ ನಾನೊಂದು ಚಿತ್ರ ಬರೆದುಕೊಡಬೇಕಿತ್ತು. ಕತೆ ಗೊತ್ತಿದ್ದದ್ದೇ: ರಾಕ್ಷಸ ರಾಜಕುಮಾರಿಯ ತಲೆಯ ಬಳಿ ಬೆಳ್ಳಿ ಕೋಲು, ಕಾಲ ಬಳಿ ಚಿನ್ನದ ಕೋಲು ಇಟ್ಟು ನಿದ್ದೆ ಬರಿಸುತ್ತಾನೆ, ರಾಜಕುಮಾರ ಬಂದು ಅವನ್ನು ಅದಲುಬದಲು ಮಾಡಿದರೆ ಅವಳು ಏಳುತ್ತಾಳೆ.

ಕಿಟಕಿ ಪರದೆಯ ಸರಳುಗಳೇ ನನ್ನ ಕೋಲುಗಳು. ಅಕ್ಕ ಅಲುಗಾಡಿದರೆ ಮತ್ತೆ ಅದೇ ಜಾಗಕ್ಕೆ ಬರಲೆಂದು ಮಂಚದ ಹಲಗೆಯ ಮೇಲೆ ಅವಳ ಮೊಣಕೈ, ಹಿಮ್ಮಡಿಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ.

"ಕಣ್ಣು ಅಷ್ಟು ಬಿಗಿಯಾಗಿ ಮುಚ್ಚಬೇಡ ಕಣೇ. ಕಣ್ಣಿಗೆ ಸೋಪು ಹೋದ ಹಾಗಿದೆ."

"ನಿದ್ದೆ ಮಾಡೋರು ಹೇಗೆ ಮುಚ್ತಾರೆ? ನೀನೇ ಹೇಳ್ಕೊಡು," ಎಂದಳು ಅಕ್ಕ.

ನಾನು ಕುಂಚ ಕೈಗೆತ್ತಿಕೊಂಡೆ.

ಇಳಿಬಿಸಿಲು ಹಳದಿಯಾಗಿ ಅವಳ ಕೂದಲಿಗೆ ಬಂತು. ಕುಂಚದ ಸರಸರ, ಗೋಡೆ ಗಡಿಯಾರದ ಟಿಕ್ ಟಿಕ್, ಎಣ್ಣೆಬಣ್ಣದ ವಾಸನೆ. ಅವಳ ನೀಲಿ ಹೊದಿಕೆಯನ್ನು ನದಿ ಮಾಡಿ, ದಿಂಬಿನ ಸುತ್ತ ಬೆಳ್ಳಿ ಮೀನು ಬಿಡುತ್ತಾ ನಾನು ಕೋಣೆಯನ್ನೇ ಮರೆತೆ. ತಲೆಯೆತ್ತಿದಾಗ ಅಕ್ಕನ ಮೊಣಕೈ ಗೆರೆ ದಾಟಿ ಜಾರಿತ್ತು. ಬಾಯಿ ತೆರೆದಿತ್ತು. ಸಣ್ಣಗೆ ಗೊರಕೆ! ಗದರಲು ಹೊರಟ ನಾಲಿಗೆಯನ್ನು ಕಚ್ಚಿಕೊಂಡೆ. ಕುಂಚ ಅದ್ದಲೂ ಹೆದರಿ ಸುಮ್ಮನೆ ಕೂತೆ.

ಆಗಲೇ ರಾಜಕುಮಾರ ಬಂದ. ಅಂದರೆ ನನ್ನ ಭಾವ: ಬೋಳುತಲೆ, ಹೆಗಲಿಗೆ ಮೇಜಿನ ಬಟ್ಟೆ. ಗಡಿಯಾರ ರಿಪೇರಿ ಅಂಗಡಿ ಮುಚ್ಚಿ, ಕೋಲು ಬದಲಿಸುವ ಭಂಗಿಗೆ ನಿಲ್ಲಲು ಬಂದಿದ್ದರು. ಹೆಂಡತಿಯನ್ನು ಕಂಡು ಕಲ್ಲಾದರು. ಆಮೇಲೆ ಗಡಿಯಾರ ನೋಡಿದರು. ಇನ್ನೇನು ಗಂಟೆ ಬಡಿಯುವುದರಲ್ಲಿತ್ತು.

ನಡೆಯುವ ಗಡಿಯಾರ ನಿಲ್ಲಿಸುವುದು ಪಾಪ ಎನ್ನುವ ಮನುಷ್ಯ ಅವರು. ಯಾರಾದರೂ ಪೆಂಡುಲಮ್ ಮುಟ್ಟಿದರೆ ಮನೆ ಹಾರಿಹೋಗುವ ಹಾಗೆ ಕೂಗಾಡುವವರು. ಅದೇ ಭಾವ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಹೋಗಿ, ಗಾಜಿನ ಬಾಗಿಲು ತೆರೆದು ಪೆಂಡುಲಮನ್ನು ಎರಡೇ ಬೆರಳಲ್ಲಿ ಹಿಡಿದರು. ಟಿಕ್ ಟಿಕ್ ನಿಂತಿತು.

"ನಿನ್ನ ಚಿತ್ರ?" ಎಂದು ಪಿಸುಗುಟ್ಟಿದರು.

"ಹಾಳಾಗಿ ಹೋಗ್ಲಿ ಭಾವ. ನೀವು ಹಾಗೇ ನಿಂತಿರಿ."

ಕೈ ಬಿಟ್ಟರೂ ಅದು ನಿಂತೇ ಇರುತ್ತದೆ ಎಂಬುದು ಆ ಕಸುಬಿನವರಿಗೇ ಮರೆತುಹೋಗಿತ್ತು. ಅಕ್ಕ ತಾನಾಗಿ ಕಣ್ಣು ಬಿಡುವವರೆಗೂ ಹಿಡಿದೇ ಇದ್ದರು. ನಾನು ಅಳುತ್ತಲೇ, ಚಿತ್ರದಲ್ಲಿ ಮೊದಲೇ ಗುರುತು ಹಾಕಿದ್ದ, ಕೋಲಿನತ್ತ ಬಗ್ಗಿದ ರಾಜಕುಮಾರನ ಗೆರೆಗಳನ್ನು ಒರೆಸಿ ಹಾಕಿದೆ.

ಈಗ ಗ್ರಂಥಾಲಯದ ಗೋಡೆಯಲ್ಲಿ ಕೋಲುಗಳು ಇದ್ದಲ್ಲೇ ಇವೆ. ರಾಜಕುಮಾರಿ ಬಾಯಿ ತೆರೆದು ಮಲಗಿದ್ದಾಳೆ, ಬೋಳುತಲೆಯ ರಾಜಕುಮಾರ ಪೆಂಡುಲಮ್ ಹಿಡಿದು ನಿಂತಿದ್ದಾನೆ. ಅವನು ಯಾಕೆ ಎಬ್ಬಿಸ್ತಿಲ್ಲ ಎಂದು ಮಕ್ಕಳು ಕೇಳಿದರೆ ಅಕ್ಕನೇ ಮುಂದೆ ಬಂದು ಹೇಳುತ್ತಾಳೆ:

"ಈಗ ತಾನೇ ಕಣ್ಣು ಹತ್ತಿದೆ ಪುಟ್ಟಾ. ಮೆಲ್ಲಗೆ ಮಾತಾಡು."