ಬೇಲಿಯಾಚೆಯ ತಟ್ಟೆ

ಗಂಡನ ತಟ್ಟೆ ಕುರಿ ರೊಪ್ಪದ ಮುಳ್ಳುಬೇಲಿಯಾಚೆ ಬೇರೆಯಾಗಿ ಕವುಚಿಬಿದ್ದಿದ್ದನ್ನು ಕಂಡು ನಾಗಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಪರಶುರಾಂಪುರದಿಂದ ಬುತ್ತಿ ಹೊತ್ತು ಬಂದವಳು ಅವಳು. ಬೇರೆ ಯಾರಾದರೂ ಹಾಗೆ ಇಟ್ಟಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಇಟ್ಟವನು ಒಡಹುಟ್ಟಿದ ತಮ್ಮ ಬೊಮ್ಮಲಿಂಗಪ್ಪ! ತೊಂಬತ್ತೆಂಟರ ಆ ಬೇಸಿಗೆಗೆ, ಗಂಡನ ಕುರಿಯೂ ತಮ್ಮನ ಕುರಿಯೂ ಒಂದೇ ಮಂದೆಯಾಗಿ ಹದಿನೆಂಟು ವರ್ಷವಾಗಿತ್ತು.

"ಭಾವ ರಾತ್ರಿಯೆಲ್ಲ ಕೆಮ್ತಾನಕ್ಕ. ಟಿ.ಬಿ.ನೇ ಇರ್ಬೇಕು. ನಂಗೂ ಮಕ್ಕಳು ಮರಿ ಅವೆ. ಹುಣ್ಣಿಮೆಗೆ ಮಂದೆ ಬೇರೆ ಮಾಡ್ಕೊಳ್ಳಾನ," ಅಂದ ತಮ್ಮ, ಅವಳ ಮುಖ ನೋಡದೆ.

"ಮೂರು ಸಲ ಕಫ ಪರೀಕ್ಷೆ ಮಾಡ್ಸೀನಿ. ಟಿ.ಬಿ. ಅಲ್ಲ ಅಂತ ಡಾಕ್ಟ್ರೇ ಹೇಳ್ಯಾರೆ. ನಿದ್ದ್ಯಾಗೆ ಗಂಟಲು ಮುಚ್ಕೊಂಡು ಉಸಿರು ನಿಲ್ತೈತಂತೆ. ಅದಕ್ಕೇ ಕೆಮ್ಮಂತೆ."

"ಉಸಿರು ನಿಂತ್ರೆ ಮನುಷ್ಯ ಉಳೀತಾನಾ? ಯಾರಿಗ್ ಹೇಳ್ತೀಯಾ ಇದನ್ನ!" ಬೊಮ್ಮಲಿಂಗಪ್ಪ ನಕ್ಕುಬಿಟ್ಟ.

ಮಂದೆ ಬೇರೆಯಾದರೆ ಗಂಡ ಚಿಕ್ಕೀರಪ್ಪ ಒಬ್ಬನೇ ಕುರಿ ಕಾಯಬೇಕು. ಹಗಲಲ್ಲೂ ಕೂತಲ್ಲೇ ತೂಕಡಿಸುವ ಮನುಷ್ಯ ಅವನು, ಎಲ್ಲಿ ಕಾದಾನು? ಕುರಿ ಮಾರಿಬಿಡುವುದೊಂದೇ ದಾರಿ.

ಅತ್ತ ಬೇವಿನ ನೆರಳಲ್ಲಿ ಪುಣ್ಯಾತ್ಮ ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ. ನಾಗಕ್ಕ ಬುತ್ತಿ ಇಳಿಸಿ, ತಮ್ಮನ ರಟ್ಟೆ ಹಿಡಿದು ಎಳೆದೊಯ್ದು ಗಂಡನ ಪಕ್ಕ ಕೂರಿಸಿದಳು.

"ದಿನಾ ಸಂಜೆ ಮುನ್ನೂರು ಕುರಿ ಎಣಿಸ್ತೀಯಲ್ಲ, ಇವತ್ತು ನಿಮ್ಮ ಭಾವನ ಉಸಿರು ನಿಂತಾಗ ಎಣಿಸು."

ಗೊರಕೆ ಏರಿತು, ಇನ್ನೂ ಏರಿತು, ಗಕ್ಕನೆ ನಿಂತಿತು. ಬೊಮ್ಮಲಿಂಗಪ್ಪ ನಗುತ್ತಲೇ ಎಣಿಸತೊಡಗಿದ. ಹತ್ತಕ್ಕೆ ನಗು ಹೋಯಿತು. ಹದಿನೈದಕ್ಕೆ ದನಿ ಹೋಯಿತು. ಇಪ್ಪತ್ತಕ್ಕೆ "ಭಾವಾ! ಅಯ್ಯೋ ಭಾವಾ!" ಎಂದು ಭುಜ ಹಿಡಿದು ಅಲುಗಿಸುವಷ್ಟರಲ್ಲಿ ಚಿಕ್ಕೀರಪ್ಪ ಬಾಯ್ಬಿಟ್ಟು ಗಾಳಿ ಎಳೆದುಕೊಂಡ, ಖೊಳ್ಳೆಂದು ಕೆಮ್ಮಿದ, ಮತ್ತೆ ನಿದ್ದೆಹೋದ.

ನಾಗಕ್ಕ ಅವನನ್ನು ಮಗ್ಗುಲಿಗೆ ಹೊರಳಿಸಿ, ಕಂಬಳಿ ಸುತ್ತಿ ಬೆನ್ನಿಗೆ ಒತ್ತಿಟ್ಟಳು. ಆಮೇಲೆ ಬಹಳ ಹೊತ್ತು ಒಂದು ಕೆಮ್ಮೂ ಬರಲಿಲ್ಲ.

"ದಿನಾ ಹಿಂಗೇನಾ? ಇದನ್ನ ನೋಡ್ಕೊಂಡು ನೀನು ಹೆಂಗಕ್ಕ ಮಲಗ್ತಿದ್ದೆ?"

"ಕೆಮ್ಮು ಕೇಳಿದ್ ಮ್ಯಾಲೆ ಮಲಗ್ತಿದ್ದೆ ಕಣಪ್ಪ."

ತಮ್ಮ ಬೆವರು ಒರೆಸಿಕೊಂಡ.

"ಮಗ್ಗುಲಾಗೆ ಮಲಗಿದ್ರೆ ಸಾಲದಂತೆ. ದಾವಣಗೆರೆ ದೊಡ್ಡಾಸ್ಪತ್ರೆಗೆ ಹೋಗಿ ಅಂದಾರೆ ಡಾಕ್ಟ್ರು," ಅಂದಳು ನಾಗಕ್ಕ.

"ನಾನೇ ಕರ್ಕೊಂಡ್ ಹೋಗ್ತೀನಿ."

ಚಿಕ್ಕೀರಪ್ಪ ಕಣ್ಣುಬಿಟ್ಟಾಗ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. "ಏನ್ರಲೇ, ಸತ್ತೋದ ಅಂತ ಕಾಯ್ತಾ ಕುಂತೀರಾ?"

ಬೊಮ್ಮಲಿಂಗಪ್ಪ ಬೇಲಿಯಾಚೆ ಹೋಗಿ ತಟ್ಟೆ ತಂದು ತೊಳೆದ, ಬುತ್ತಿ ಬಿಚ್ಚಿ ಅದಕ್ಕೆ ಎರಡು ಮುದ್ದೆ ಹಾಕಿದ.

"ಬಾ ಭಾವ, ಹಸಿವಾಗೈತೆ," ಎಂದು ಅದೇ ತಟ್ಟೆಗೆ ತಾನೇ ಮೊದಲು ಕೈಯಿಟ್ಟ.