ಒಬ್ಬಳಿಗೊಂದು ಮೇಜು

"ಒಬ್ಬರಿಗೆ ಮೇಜು ಕೊಡಕ್ಕಾಗಲ್ಲ ಅಂತ ಆವತ್ತೇ ಹೇಳಿದೆನಲ್ಲ ಆಂಟಿ. ಈಗ ಫೋನ್ ಮಾಡಿದ್ದು ಅದಕ್ಕಲ್ಲ," ಎಂದ ಹೋಟೆಲಿನ ಮ್ಯಾನೇಜರ್ ವಾಯ್ ಕಿಟ್. "ಇವತ್ತು ಸಂಜೆ ನೀವು ಕೆಲಸಕ್ಕೆ ಬರಬೇಕು. ಕೈ ಮುಗೀತೀನಿ, ಇಲ್ಲ ಅನ್ಬೇಡಿ."

ಮೂಯ್ ಫೊಂಗ್ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಎಲ್ಲಿಗೂ ಹೋಗುವುದಿಲ್ಲವೆಂದು ಗೊತ್ತಿದ್ದೂ ಹೊಸ ಕೆಂಪು ಅಂಗಿಯನ್ನು ಇಸ್ತ್ರಿ ಮಾಡುತ್ತಿದ್ದಳು. ಮರುದಿನ ಚೀನೀ ಹೊಸ ವರ್ಷ. ಮನೆಮಂದಿಯೆಲ್ಲ ಕೂಡಿ ಉಣ್ಣುವ ಈ ಸಂಜೆ, ಮಲೇಷ್ಯಾದ ಇಪೋ ಊರಿನ ಆ ಹೋಟೆಲಿನಲ್ಲಿ ಪ್ರತಿವರ್ಷ, ಹರೆಯದಿಂದ ಕೂದಲು ನರೆಯುವವರೆಗೂ ಅವಳು ಊರಿಗೆಲ್ಲ ಬಡಿಸಿದ್ದಳು; ಒಮ್ಮೆಯೂ ಕೂತು ಉಂಡಿರಲಿಲ್ಲ. ಮದುವೆಯಾಗಲಿಲ್ಲ. ಅಮ್ಮ ಇದ್ದಾಗ ಉಳಿದದ್ದನ್ನು ಡಬ್ಬಿಯಲ್ಲಿ ಒಯ್ಯುತ್ತಿದ್ದಳು. ಈಗ ಅಮ್ಮನೂ ಇಲ್ಲ, ಕೆಲಸವೂ ಇಲ್ಲ. ಈ ಸಲವಾದರೂ ಕೂತು ಉಣ್ಣೋಣವೆಂದು ಮೇಜು ಕೇಳಿದರೆ, ಕನಿಷ್ಠ ನಾಲ್ಕು ಜನ ಇರಬೇಕು ಎಂದಿದ್ದರು.

"ಬಡಿಸೋರೆಲ್ಲ ಎಲ್ಲಿ ಹೋದರು?"

"ನಮ್ಮವರ ಮಕ್ಕಳು ತಟ್ಟೆ ಎತ್ತಕ್ಕೆ ಬರ್ತಾರಾ? ಇರೋ ಮಕ್ಕಳಾದ್ರೂ ಎಷ್ಟು? ನೇಪಾಳದೋರಿಗೆ ಕೆಲಸದ ಪರ್ಮಿಟ್ ಆಗಿಲ್ಲ. ಬಂದಿರೋದು ಟೇಕ್ ಬಹದೂರ್ ಒಬ್ರೇ."

"ಮೊದಲ ಪಂಕ್ತಿಗೆ ಬಡಿಸ್ತೀನಿ. ಎರಡನೇ ಪಂಕ್ತೀಲಿ ನನಗೊಂದು ಮೇಜು. ಒಬ್ಬಳಿಗೇ."

ಆ ಕಡೆ ಅವನು ಬುಕಿಂಗ್ ಪುಸ್ತಕ ತಿರುವಿದ ಸದ್ದು ಕೇಳಿಸಿತು.

"ಕಂಬದ ಹಿಂದೆ ಆದ್ರೆ ಪರವಾಗಿಲ್ವಾ?"

"ಪರವಾಗಿಲ್ಲ."

ಹಿಂದೆಲ್ಲ ಈ ಸಂಜೆ ಹೋಟೆಲಿನಲ್ಲಿ ಕುರ್ಚಿ ಸಾಲದೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಈಗ ಹತ್ತು ಜನರ ದುಂಡುಮೇಜಿಗೆ ಅಜ್ಜ, ಅಜ್ಜಿ, ಮಗಳು, ಒಂದು ಮಗು. ಮಿಕ್ಕ ಕುರ್ಚಿಗಳನ್ನು ಫೊಂಗ್ ಎಳೆದೆಳೆದು ಗೋಡೆಗೆ ಸೇರಿಸಿದಳು. ಉಣ್ಣುವವರು ಇಷ್ಟು ಕಡಿಮೆಯಾದರೂ ಬಡಿಸುವ ಕೈಗಳು ಇನ್ನೂ ಕಡಿಮೆ. ಸೂಪು ಆರಿತೆಂದು ಒಬ್ಬರು, ಅನ್ನ ಬರಲಿಲ್ಲವೆಂದು ಇನ್ನೊಬ್ಬರು ಕೂಗುತ್ತಿದ್ದರು.

"ಮೀನಿನ ತಲೆ ಹಿರಿಯರ ಕಡೆ ಇರ್ಲಿ," ಎಂದಳು, ನಲವತ್ತು ದಾಟಿದ ಟೇಕ್ ಬಹದೂರನಿಗೆ.

"ಹಿರಿಯರು ಯಾರು ಅಂತ ಹೇಗೆ ಹೇಳೋದು ದೀದಿ? ಎಲ್ಲರೂ ಮುದುಕರೇ."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ಸಂಜೆ ಅವಳೊಡನೆ ಯಾರಾದರೂ ಕೆಲಸದ ಹೊರತು ಮಾತಾಡಿದ್ದು ಅದೊಂದೇ.

ಎರಡನೇ ಪಂಕ್ತಿಗೆ ಕೆಂಪು ಅಂಗಿ ತೊಟ್ಟು ಕಂಬದ ಹಿಂದೆ ಬಂದು ಕೂತಳು. ಟೇಕ್ ಬಹದೂರ್ ಹಸಿ ಮೀನು, ತುರಿದ ತರಕಾರಿಗಳ ಯೀ ಸಾಂಗ್ ತಂದಿಟ್ಟ. ಎಲ್ಲರೂ ಎದ್ದು ನಿಂತು, ಊಟದ ಕಡ್ಡಿಗಳಿಂದ ಒಟ್ಟಿಗೆ ಮೇಲಕ್ಕೆ ಹಾರಿಸಬೇಕಾದದ್ದು ಅದು; ಎಷ್ಟು ಎತ್ತರವೋ ಅಷ್ಟು ಅದೃಷ್ಟ.

"ಇದಕ್ಕಿಂತ ಸಣ್ಣ ತಟ್ಟೆ ಇಲ್ವಂತೆ ದೀದಿ. ನಾಲ್ಕು ಜನರದ್ದೇ."

"ಇರ್ಲಿ. ನೀನೂ ಕಡ್ಡಿ ತಗೋ, ಒಂದ್ಸಲ ಹಾರಿಸಿ ಹೋಗು."

ಅವನು ಕಡ್ಡಿಗೆ ಕೈ ಚಾಚಿದ್ದ. ಅಷ್ಟರಲ್ಲಿ ಕಿಟಕಿ ಬದಿಯ ಮೇಜಿನವರು ಗದರಿಸಿ ಕರೆದರು. "ಬಂದ್ಬಿಟ್ಟೆ ದೀದಿ," ಎಂದು ಓಡಿದ. ಅವನ ಹಿಂದೆಯೇ ಮತ್ತೊಂದು ಮೇಜು ಕರೆಯಿತು, ಮತ್ತೊಂದು.

ಫೊಂಗ್ ಕಾದಳು. ಆಮೇಲೆ ಎದ್ದು ನಿಂತಳು.

"ಲೋ ಹೇ!" ಎಂದಳು, ಹಾರಿಸುವಾಗ ಎಲ್ಲರೂ ಒಟ್ಟಿಗೆ ಕೂಗುವ ಮಾತನ್ನು. ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಪಕ್ಕದ ಮೇಜಿನ ಅಜ್ಜಿ ತಿರುಗಿ ನೋಡಿದಳು. ಫೊಂಗ್ ನಿಲ್ಲಿಸಲಿಲ್ಲ, ಆರೋಗ್ಯ ಬೇಡಿ ಒಮ್ಮೆ, ದೀರ್ಘಾಯುಸ್ಸು ಬೇಡಿ ಒಮ್ಮೆ, ಕೈ ಎಟುಕುವಷ್ಟು ಎತ್ತರಕ್ಕೆ ಹಾರಿಸಿದಳು. ಕ್ಯಾರೆಟ್ಟು, ಮೂಲಂಗಿಯ ಎಳೆಗಳು ಮೇಜಿನ ತುಂಬ ಚೆಲ್ಲಿದವು. ಅವಳ ಎಡಗೈ ತಾನಾಗಿಯೇ ಅವನ್ನು ಬಳಿದು ಒಂದು ಕಡೆ ಸೇರಿಸತೊಡಗಿತು.

ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡು ಕೂತಳು. ಬಿದ್ದದ್ದು ಬಿದ್ದಲ್ಲೇ ಇತ್ತು.