ಭುಜ ಬಿಚ್ಚಿದ ಕೋಟು

ಪದಕಪಟ್ಟಿಯಲ್ಲಿ ಆತಿಥೇಯರಾದ ನಾವೇ ಮೊದಲು. ಒಂದೊಂದು ಪದಕಕ್ಕೂ ಮೈಕಿನವನು ಗಂಟಲು ಹರಿದುಕೊಳ್ಳುತ್ತಿದ್ದ; ಓಡಿದ್ದು, ಈಜಿದ್ದು, ಎತ್ತಿದ್ದೆಲ್ಲ ತಾನೇ ಎಂಬಂತೆ. ನಾನು ಕ್ರೀಡಾಂಗಣದ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ನಮ್ಮ ದೇಶದವರು ಪದಕ ತೆಗೆದುಕೊಳ್ಳುವಾಗ ತೊಡುವ ಬಿಳಿ ಕೋಟುಗಳೆಲ್ಲ ನನ್ನ ಕೈಯಿಂದಲೇ ಹೋಗಬೇಕು.

ಹನ್ನೊಂದು ದಿನ ಯಾರ ಯಾರದೋ ಕೋಟು ಉಜ್ಜಿದ್ದಾಯಿತು. ಈವತ್ತಿನದು ನನ್ನ ತಂಗಿಯದು. ಭಾರ ಎತ್ತುವವಳ ಭುಜಕ್ಕೆ ಸಂಘಟಕರು ಕೊಟ್ಟ ಅಳತೆ ಎಲ್ಲಿ ಸಾಲಬೇಕು? ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲ ಮಾಡಿದ್ದೆ. ಒಂಬತ್ತು ವರ್ಷದಿಂದ ಅವಳು ಶಾಲೆಯೊಂದರಲ್ಲಿ ಹಂಗಾಮಿ ಆಟದ ಟೀಚರ್. ಯಾವುದೇ ಪದಕ ತಂದರೂ ಕೆಲಸ ಕಾಯಂ ಎಂದು ಇಲಾಖೆ ಬರೆದುಕೊಟ್ಟಿತ್ತು. ಮಂಡಿ ಎರಡೂ ಸವೆದಿವೆ. ಇನ್ನೊಂದು ಕ್ರೀಡಾಕೂಟ ಅವಳ ಪಾಲಿಗಿಲ್ಲ.

ಅವಳ ವಿಭಾಗದಲ್ಲಿ ಇದ್ದವರೇ ನಾಲ್ವರು. ಬೆಳಿಗ್ಗೆ ಅವರಲ್ಲಿ ಒಬ್ಬಳು ತೂಕ ಹೆಚ್ಚಾಗಿ ಹೊರಬಿದ್ದಳು. ನಾನು ಕುಣಿದಾಡಿಬಿಟ್ಟೆ. "ಮೂರೇ ಜನ ಕಣೇ! ಮೂರನೇದು ಹೇಗೂ ನಿನ್ನದೇ. ಸುಮ್ನೆ ಮಂಡಿ ಮುರ್ಕೋಬೇಡ" ಎಂದೆ. ಕೋಚ್ ಕೂಡ ಹೂಂ ಎಂದರು. ಮಧ್ಯಾಹ್ನ ತಂಗಿ ಎರಡನೆಯವಳಿಗಿಂತ ಎರಡೇ ಕಿಲೋ ಹಿಂದಿದ್ದಳು. ಮುಂದೆ ಹೋಗಲು ಬೇಕಿದ್ದದ್ದು ದಿನಾ ಅಭ್ಯಾಸದಲ್ಲಿ ಎತ್ತುವಷ್ಟೇ ಭಾರ. ಕೊನೆಯ ಸರದಿ ಬಂದಾಗ ಎತ್ತದೆ ಕೈಮುಗಿದು ಇಳಿದಳು.

ಕೋಟಿನ ಗುಂಡಿ ಒರೆಸುತ್ತಿದ್ದಾಗ ಮೇಲ್ವಿಚಾರಕ ಬಂದ.

"ಅದು ಬೇಡಮ್ಮ. ಮೂರೇ ಜನ ಇದ್ರೆ ಎರಡೇ ಪದಕ ಕೊಡೋದು. ಈ ಸಲದ ಹೊಸ ನಿಯಮ."

"ಮೊದ್ಲೇ ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು?"

"ಕೋಚ್‌ಗೇ ಈಗ ಗೊತ್ತಾಗಿದ್ದು. ಹೋಗ್ಲಿ ಬಿಡಮ್ಮ, ನಮ್ಗೆ ಇನ್ನೂರು ದಾಟಿದೆ. ಒಂದು ಹೋದ್ರೆ ಏನಂತೆ?"

ಬಿಸಿ ಇಸ್ತ್ರಿಪೆಟ್ಟಿಗೆ ಅವನ ಮುಖಕ್ಕೆ ಹಿಡಿಯಬೇಕೆನ್ನಿಸಿತು. ಆದರೆ ತಂಗಿಯ ಕಾಲು ಕಟ್ಟಿಹಾಕಿದ್ದು ಅವನಲ್ಲ, ನಾನು.

ಅವನು ಹೋದದ್ದೇ ತಂಗಿ ಬಂದಳು. ಮುಖ ತೊಳೆದು, ತಲೆ ಬಾಚಿಕೊಂಡಿದ್ದಳು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಅಕ್ಕಾ, ನಿನ್ನ ಮಾತು ಕೇಳಿದ್ದು ಒಳ್ಳೇದಾಯ್ತು ನೋಡು. ಮಂಡಿ ಒಂಚೂರೂ ನೋವಿಲ್ಲ." ಬೆನ್ನು ತಿರುಗಿಸಿ ಎರಡೂ ಕೈ ಹಿಂದಕ್ಕೆ ಚಾಚಿದಳು. "ಬೇಗ ಹಾಕು, ಕರೀತಾರೆ."

ಕೋಟು ತೊಡಿಸಿದೆ.

"ಈಗ ಭುಜ ಸರಿಯಾಗಿ ಕೂತಿದೆ, ಅಲ್ವಾ?" ಎಂದಳು.